ಸೊಟ್ಟ ಗೋಪುರ ಸೊಟ್ಟಗೇ ಇರಲಿ

ಇಂಗ್ಲೆಂಡಿನ ಚೆಸ್ಟರ್‌ಫೀಲ್ಡಿನಲ್ಲಿ ರೈಲು ಇಳಿದರೆ ಮೊದಲು ಕಣ್ಣಿಗೆ ಬೀಳುವುದು ಸೇಂಟ್ ಮೇರಿ ಅಂಡ್ ಆಲ್ ಸೇಂಟ್ಸ್ ಚರ್ಚಿನ ಗೋಪುರ. 228 ಅಡಿ ಎತ್ತರ. ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡಿದೆ, ಸಾಲದ್ದಕ್ಕೆ ಒಂಬತ್ತೂವರೆ ಅಡಿ ವಾಲಿದೆ. ಕೆಲಸಕ್ಕೆಂದು ಈ ಕಡೆ ಬಂದ ಹೊಸತರಲ್ಲಿ, "ಇದನ್ನ ಯಾರೂ ರಿಪೇರಿ ಮಾಡಿಸಿಲ್ವಾ?" ಅಂತ ಕೇಳಿ ನಗೆಗೀಡಾಗಿದ್ದೆ. ಊರಿನ ಫುಟ್‌ಬಾಲ್ ತಂಡದ ಅಡ್ಡಹೆಸರೇ ಈ ಗೋಪುರದ್ದು.

14ನೇ ಶತಮಾನದ ಗೋಪುರ ಇದು. ಹಸಿ ಓಕ್ ಮರದಲ್ಲಿ ಚೌಕಟ್ಟು ಕಟ್ಟಿದ್ದರು, ಒಣಗುತ್ತಾ ಅದು ಬಾಗಿತು ಅನ್ನುತ್ತಾರೆ. ಮೇಲಿನ ಸೀಸದ ಹೊದಿಕೆ ಸುಮಾರು 33 ಟನ್. ಬಿಸಿಲು ಬೀಳುವ ಕಡೆ ಅದು ಜಾಸ್ತಿ ಹಿಗ್ಗುತ್ತದೆ. ಸೈತಾನ ಒದ್ದ ಅನ್ನುವ ಕಥೆಯೂ ಇದೆ. 1961ರ ಡಿಸೆಂಬರಿನಲ್ಲಿ ಬೆಂಕಿ ಬಿದ್ದು 1756ರ ಆರ್ಗನ್ ವಾದ್ಯ ಸುಟ್ಟುಹೋಯಿತು. ಗೋಪುರ ಉಳಿಯಿತು, ಸೊಟ್ಟಗೇ.

ಇದೇ ಚರ್ಚು ನಮ್ಮ ಕಡೆ ಇದ್ದಿದ್ದರೆ? ಕಮಿಟಿ ಮಾಡಿ, ಗೋಪುರ ಇಳಿಸಿ, ನೆಟ್ಟಗೆ ಕಾಂಕ್ರೀಟಿನದು ಏರಿಸಿರುತ್ತಿದ್ದೆವು. ನಮ್ಮೂರ ದೇವಸ್ಥಾನಕ್ಕೆ ಆದದ್ದು ಅದೇ. ಕಲ್ಲಿನ ಕಂಬಕ್ಕೆ ಆಯಿಲ್ ಪೇಂಟ್, ನೆಲಕ್ಕೆ ಜಾರುವ ಟೈಲ್ಸ್, ಗೋಡೆಗೆ ಸಿಮೆಂಟ್. ಹಳೇ ಗೋಡೆ ಗಾರೆಯದು. ಸುಣ್ಣ, ಮರಳು, ಬೆಲ್ಲದ ನೀರು, ಅಳಲೆಕಾಯಿ ಹಾಕಿ ಗಾಣದಲ್ಲಿ ಅರೆದದ್ದು. ಗಾರೆ ಗೋಡೆ ಮಳೆಯಲ್ಲಿ ನೆನೆದರೂ ಮತ್ತೆ ಒಣಗುತ್ತದೆ. ಮೇಲೆ ಸಿಮೆಂಟ್ ಮೆತ್ತಿದರೆ ನೀರು ಒಳಗೇ ಸಿಕ್ಕಿಕೊಳ್ಳುತ್ತದೆ. ಎರಡೇ ಮಳೆಗಾಲಕ್ಕೆ ನಮ್ಮ ಗರ್ಭಗುಡಿಯ ಗೋಡೆ ಹೊಪ್ಪಳೆ ಏಳತೊಡಗಿತು.

ಇಲ್ಲಿಯವರು ಹುಟ್ಟಾ ಜಾಣರೇನಲ್ಲ. 19ನೇ ಶತಮಾನದಲ್ಲಿ ಇವರೂ ಜೀರ್ಣೋದ್ಧಾರದ ಹೆಸರಲ್ಲಿ ಹಳೇ ಚರ್ಚುಗಳ ಗಾರೆ ಕೆರೆದು ಹಾಕಿದರು. ಅದನ್ನು ನೋಡಲಾರದೆ ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್ 1877ರಲ್ಲಿ ಒಂದು ಸಂಘ ಕಟ್ಟಿದ. "ಕೆರೆಯಬೇಡಿ" ಅನ್ನುವುದೇ ಅದರ ಅಡ್ಡಹೆಸರಾಯಿತು. ಈಗ ಐದು ವರ್ಷಕ್ಕೊಮ್ಮೆ ತಜ್ಞರು ಬಂದು ಚರ್ಚನ್ನು ನೋಡಿ ವರದಿ ಬರೆಯಲೇಬೇಕು. ಸಣ್ಣಪುಟ್ಟದ್ದು ಬಿಟ್ಟು ಏನು ಬದಲಾಯಿಸಬೇಕಾದರೂ ಡಯಾಸಿಸ್‌ನ, ಅಂದರೆ ಬಿಷಪ್ಪರ ಆಡಳಿತ ಪ್ರಾಂತ್ಯದ, ಅನುಮತಿ ಬೇಕು. ಕಿರಿಕಿರಿ ಅಂತ ಎಲ್ಲರೂ ಗೊಣಗುತ್ತಾರೆ. ನನಗಂತೂ ಇಷ್ಟವಾಯಿತು.

ಆದರೆ ಇವರ ಎಷ್ಟೋ ಹಳ್ಳಿ ಚರ್ಚುಗಳಲ್ಲಿ ಭಾನುವಾರ ಹತ್ತಿಪ್ಪತ್ತು ಜನ, ಅದೂ ವಯಸ್ಸಾದವರು. ನಮ್ಮ ದೇವಸ್ಥಾನದಲ್ಲಿ ಶನಿವಾರ ನಿಲ್ಲಲು ಜಾಗ ಇರಲ್ಲ. ಖಾಲಿ ಕಟ್ಟಡ ಕಾಯುವುದು ಸುಲಭ, ಅಲ್ವಾ? ದಿನಾ ದೀಪದ ಎಣ್ಣೆ, ಕರ್ಪೂರದ ಹೊಗೆ, ಅಭಿಷೇಕದ ನೀರು ಬೀಳುವ ಕಟ್ಟಡ ಕಾಯುವುದು ಬೇರೆಯೇ ಲೆಕ್ಕ. ಹಾಗಂತ ಟೈಲ್ಸೇ ಬೇಕೆಂದಿಲ್ಲ. ನಿಜ ಹೇಳಬೇಕೆಂದರೆ, ಟೈಲ್ಸಿಗೆ ದಾನಿಗಳು ಸಿಗುತ್ತಾರೆ, ಹೆಸರು ಕೆತ್ತಿಸಬಹುದಲ್ಲ. ಮಳೆನೀರಿನ ದೋಣಿಗೆ ಬಿದ್ದ ಎಲೆ ತೆಗೆಸಲು ಯಾರು ಕೊಡುತ್ತಾರೆ? ಇಲ್ಲಿ ಎಲೆ ಉದುರುವ ಕಾಲ ಮುಗಿದ ಮೇಲೆ ಅದನ್ನು ತೆಗೆಸದೇ ಬಿಡುವುದಿಲ್ಲ. ಅರ್ಧ ಚರ್ಚು ಉಳಿದಿರುವುದೇ ಅದರಿಂದ.

ಹೋದ ವಾರ ಚಿಕ್ಕಪ್ಪ ಫೋನ್ ಮಾಡಿದ್ದರು. ಗೋಪುರದಲ್ಲಿ ಬಿರುಕು ಬಿಟ್ಟಿದೆಯಂತೆ. "ಸಿಮೆಂಟ್ ಹಾಕಿಸೋಣ, ನಿನ್ನದೆಷ್ಟು ಬರೆದುಕೊಳ್ಳಲಿ?" ಅಂದರು. ಫೋಟೋ ಕಳಿಸಿ ಅಂದೆ. ಬಿರುಕಿನಲ್ಲಿ ಮೊಣಕಾಲೆತ್ತರದ ಅರಳಿ ಗಿಡ.

"ಚಿಕ್ಕಪ್ಪ, ಬೇರು ಸಮೇತ ಅದನ್ನು ತೆಗೆಸಿ. ಆ ಕೂಲಿ ನನ್ನದು."

"ಅದಕ್ಕೆ ರಸೀದಿ ಕೊಡೋಕಾಗಲ್ಲ ಕಣೋ" ಅಂದರು.