ಲೆಕ್ಕಕ್ಕಷ್ಟೇ ಇರುವ ಕಂಬಳಿಗಳು

ಕಳೆದ ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಮಳೆಗಾಲದಲ್ಲಿ, ನನ್ನ ಸೋದರತ್ತೆಯನ್ನು ನೋಡಲು ಮಡಿಕೇರಿ ಕಡೆಯ ಒಂದು ವೃದ್ಧಾಶ್ರಮಕ್ಕೆ ಹೋದಾಗ, ಅವರು ಎರಡು ತೆಳು ಬೆಡ್‌ಶೀಟುಗಳನ್ನು ಒಂದರ ಮೇಲೊಂದು ಹೊದ್ದು, ನಾನು ಹಿಂದೊಮ್ಮೆ ತಂದುಕೊಟ್ಟಿದ್ದ ಸ್ವೆಟರನ್ನು ಕಾಲಿಗೆ ಸುತ್ತಿಕೊಂಡು, ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಬೆಡ್‌ಶೀಟು ಮುಟ್ಟಿದರೆ ತಣ್ಣಗೆ, ಹಸಿಹಸಿಯಾಗಿತ್ತು. ವಾರದಿಂದ ಮಳೆ ಬಿಟ್ಟಿರಲಿಲ್ಲ, ಕರೆಂಟು ಹೋಗಿ ಎರಡು ದಿನವಾಗಿತ್ತು. ಅಂಥ ದಿನಗಳಲ್ಲಿ ಒಲೆಯ ಮೇಲೆ ಹರವದೆ ಯಾವ ಬಟ್ಟೆಯೂ ಒಣಗುವುದಿಲ್ಲ ಎಂಬುದನ್ನು ಕೊಡಗಿನವರಿಗೆ ಹೇಳಬೇಕಾಗಿಲ್ಲ.

ಕಂಬಳಿ ಇಲ್ಲವೇ ಎಂದು ಕೇಳಿದೆ. ನೋಡಿಕೊಳ್ಳುವ ಹುಡುಗಿ ಯಾವ ಮುಚ್ಚುಮರೆಯೂ ಇಲ್ಲದೆ ಆಫೀಸು ಕೋಣೆಯ ಬೀರು ತೆರೆದು ತೋರಿಸಿದಳು. ಮೇಲಿನ ಎರಡು ಖಾನೆಗಳಲ್ಲಿ 25 ಕಂಬಳಿಗಳಿದ್ದವು. ಪ್ಲಾಸ್ಟಿಕ್ ಕವರನ್ನೂ ಬಿಚ್ಚಿರಲಿಲ್ಲ. ಒಂದೊಂದು ಕವರಿನ ಮೂಲೆಯಲ್ಲೂ ಮಾರ್ಕರ್ ಪೆನ್ನಿನಿಂದ ನಂಬರು ಬರೆದಿತ್ತು. “ಕೊಟ್ಟರೆ ಒಂದೇ ಮಳೆಗಾಲಕ್ಕೆ ಹಾಳಾಗುತ್ತದೆ ಅಕ್ಕ. ಆಡಿಟ್‌ನವರು ಬಂದಾಗ 25 ತೋರಿಸದಿದ್ದರೆ ಮುಂದಿನ ಕಂತು ನಿಲ್ಲುತ್ತದೆ ಅಂತ ಸಾರ್ ಹೇಳಿದ್ದಾರೆ” ಎಂದಳು. ಅಲ್ಲಿರುವ ಹಿರಿಯರೂ 25 ಮಂದಿಯೇ.

ಆ ಕಂಬಳಿಗಳನ್ನು ಯಾರಾದರೂ ಮಾರಿಕೊಂಡಿದ್ದರೆ ಕಳ್ಳತನವಾಗಿದೆ ಎಂದು ದೂರು ಕೊಡುತ್ತಿದ್ದೆ. ಇಲ್ಲಿ ಕಳ್ಳತನವೇ ಆಗಿಲ್ಲ. ಅನುದಾನ ಬಂದಿದೆ, ಕಂಬಳಿ ಕೊಂಡಿದ್ದಾರೆ, ರಸೀದಿ ಇದೆ, ದಾಸ್ತಾನು ಪುಸ್ತಕಕ್ಕೂ ಬೀರುವಿಗೂ ತಾಳೆಯಾಗುತ್ತದೆ. ಲೆಕ್ಕಪರಿಶೋಧನೆಯಲ್ಲಿ ಈ ಸಂಸ್ಥೆಯ ಮೇಲೆ ಒಂದೇ ಒಂದು ಆಕ್ಷೇಪಣೆ ಬರಲಾರದು. ಎಪ್ಪತ್ತೆಂಟು ವರ್ಷದ ನನ್ನ ಅತ್ತೆ ಮಾತ್ರ ನಡುಗುತ್ತಾ ಮಲಗಿದ್ದಾರೆ. ಸರ್ಕಾರದ ಹಣ ಯಾರಿಗಾಗಿ ಬಂತೋ ಅವರನ್ನು ಬಿಟ್ಟು ಉಳಿದೆಲ್ಲವನ್ನೂ ಎಣಿಸುವ ಈ ಪದ್ಧತಿಯ ಮೇಲೆ ನನಗಿರುವ ಸಿಟ್ಟು ಅಂದಿನಿಂದ ಇಂದಿನವರೆಗೆ ಇಳಿದಿಲ್ಲ.

ಮನೆಗೆ ಬಂದು ಕಾಯ್ದೆಗಳನ್ನು ಹುಡುಕಿ ಓದಿದೆ. ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಸಂಸತ್ತು ಮಾಡಿದ ಕಾಯ್ದೆಯ 19ನೇ ಸೆಕ್ಷನ್, ಜಿಲ್ಲೆಗೆ ಕನಿಷ್ಠ ಒಂದರಂತೆ, 150 ಮಂದಿ ನಿರ್ಗತಿಕ ಹಿರಿಯರಿಗೆ ಸಾಲುವಂಥ ವೃದ್ಧಾಶ್ರಮಗಳನ್ನು ರಾಜ್ಯ ಸರ್ಕಾರ ಹಂತಹಂತವಾಗಿ ಸ್ಥಾಪಿಸಬಹುದು ಎನ್ನುತ್ತದೆ, ಸ್ಥಾಪಿಸಲೇಬೇಕು ಎನ್ನುವುದಿಲ್ಲ. ಅಲ್ಲಿನ ಸೇವೆಗಳಿಗೆ ಮಾನದಂಡ ಗೊತ್ತುಮಾಡಬಹುದು ಎಂದೂ ಹೇಳುತ್ತದೆ. ಆದರೆ ಆ ಮಾನದಂಡ ಹಾಸಿಗೆಯವರೆಗೆ ತಲುಪಿದೆಯೇ ಎಂದು ಯಾರು, ವರ್ಷಕ್ಕೆ ಎಷ್ಟು ಸಲ, ಯಾರನ್ನು ಕೇಳಿ ನೋಡಬೇಕು ಎಂಬುದು ಆ ಸೆಕ್ಷನ್‌ನಲ್ಲಿ ಇಲ್ಲ. ಸರ್ಕಾರದ ಲೆಕ್ಕಪತ್ರಗಳನ್ನು ಪರಿಶೋಧಿಸುವ ಸಿಎಜಿಯ ಅಧಿಕಾರಗಳನ್ನು ಹೇಳುವ 1971ರ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ, ಒಂದು ಸಂಸ್ಥೆ ಗಣನೀಯವಾಗಿ ಸರ್ಕಾರದ ಹಣದಲ್ಲಿ ನಡೆಯುತ್ತಿದೆ ಎನ್ನಿಸಿಕೊಳ್ಳಬೇಕಾದರೆ ಅನುದಾನ 25 ಲಕ್ಷ ರೂಪಾಯಿಗೆ ಕಡಿಮೆಯಿರಬಾರದು, ಅದು ಒಟ್ಟು ವೆಚ್ಚದ ಶೇಕಡಾ 75ಕ್ಕೂ ಕಡಿಮೆಯಿರಬಾರದು. ಅದಕ್ಕಿಂತ ಸಣ್ಣ ಅನುದಾನದ ಆಶ್ರಮಗಳಿಗೆ ಉಳಿಯುವುದು ಸಂಸ್ಥೆಯೇ ಗೊತ್ತುಮಾಡಿ, ಸಂಸ್ಥೆಯೇ ಸಂಭಾವನೆ ಕೊಡುವ ಲೆಕ್ಕಪರಿಶೋಧಕರ ಸಹಿ ಮತ್ತು ಹಣ ಬಳಕೆ ಪ್ರಮಾಣಪತ್ರ. ಆ ಲೆಕ್ಕಪರಿಶೋಧಕರನ್ನು ನಾನು ದೂರುವುದಿಲ್ಲ. ಕಂಬಳಿ ಹೊದಿಸಿದ್ದಾರೆಯೇ ಎಂದು ನೋಡುವ ಕೆಲಸವನ್ನು ಅವರಿಗೆ ಯಾರೂ ವಹಿಸಿಯೇ ಇಲ್ಲ.

ಆ ಲೆಕ್ಕಪರಿಶೋಧನೆಯ ವರದಿಯನ್ನಾದರೂ ನೋಡೋಣವೆಂದು ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ. ತಮ್ಮದು ಖಾಸಗಿ ಸಂಘವೆಂದು ಸಂಸ್ಥೆಯವರು ಹೇಳಿದರು. ಇದು ಮೂರನೆಯ ವ್ಯಕ್ತಿಗೆ ಸಂಬಂಧಿಸಿದ ಮಾಹಿತಿಯೆಂದು ಸರ್ಕಾರಿ ಕಚೇರಿಯಿಂದ ಉತ್ತರ ಬಂತು. ಸರ್ಕಾರದಿಂದ ಗಣನೀಯ ಹಣ ಪಡೆಯುವ ಸರ್ಕಾರೇತರ ಸಂಸ್ಥೆಗಳೂ ಮಾಹಿತಿ ಹಕ್ಕು ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ ಎಂದು ಸುಪ್ರೀಂ ಕೋರ್ಟ್ 2019ರಲ್ಲಿಯೇ ಸ್ಪಷ್ಟವಾಗಿ ಹೇಳಿರುವಾಗ, ಅತ್ತೆಯ ಮನೆಯವರಾದ ನಮಗೆ ನಾಲ್ಕು ಪುಟದ ವರದಿಯನ್ನು ತೋರಿಸಲು ಇವರಿಗೆ ಏನು ಅಡ್ಡಿ? ಮೇಲ್ಮನವಿ ಹಾಕಿದ್ದೇನೆ. ಅದನ್ನು ತೀರ್ಮಾನಿಸಲು ಕಾಯ್ದೆ ಕೊಟ್ಟಿರುವ ಗರಿಷ್ಠ 45 ದಿನಗಳು ಕಳೆದುಹೋಗಿವೆ.

ಬೇರೆ ದಾರಿ ಇಲ್ಲವೆಂದು ಯಾರೂ ಹೇಳಬಾರದು. 2005ರ ಉದ್ಯೋಗ ಖಾತರಿ ಕಾಯ್ದೆಯು ಕಾಮಗಾರಿಗಳ ಸಾಮಾಜಿಕ ಪರಿಶೋಧನೆಯನ್ನು ಗ್ರಾಮಸಭೆಯ ಕೈಗೇ ಕೊಟ್ಟಿತು. ಕೆರೆಯ ಹೂಳು ತೆಗೆದ ಲೆಕ್ಕವನ್ನು ಊರಿನವರ ಎದುರು ಓದಬೇಕಾಯಿತು. ಮೇಘಾಲಯವು 2017ರಲ್ಲಿ ಸಾಮಾಜಿಕ ಪರಿಶೋಧನೆಗೆಂದೇ ಕಾಯ್ದೆ ಮಾಡಿದ ಮೊದಲ ರಾಜ್ಯವಾಯಿತು. ಹೂಳಿನ ಲೆಕ್ಕ ಊರಿಗೆ ಗೊತ್ತಾಗಬೇಕಾದರೆ ಮುದುಕಿಯ ಹೊದಿಕೆಯ ಲೆಕ್ಕ ಗೊತ್ತಾಗಬಾರದೇ? ನಮ್ಮ ವಿಧಾನಸಭೆಯೂ ಸರ್ಕಾರದ ಹಣದಲ್ಲಿ ನಡೆಯುವ ಇಂಥ ಆಶ್ರಮಗಳಿಗೆ, ಹಗಲು ಆರೈಕೆ ಕೇಂದ್ರಗಳಿಗೆ, ಅಂಗವಿಕಲರ ವಸತಿಗಳಿಗೆ ಒಂದು ಪರಿಶೋಧನಾ ಕಾಯ್ದೆ ಮಾಡಲಿ. ಪರಿಶೋಧಕರನ್ನು ಸಂಸ್ಥೆ ನೇಮಿಸಬಾರದು. ಅವರು ಮೊದಲೇ ಹೇಳದೆ ಬರಬೇಕು, ಅದರಲ್ಲೂ ನಮ್ಮ ಜಿಲ್ಲೆಗೆ ಮಾರ್ಚ್ ತಿಂಗಳ ಬಿಸಿಲಿನಲ್ಲಲ್ಲ, ಜುಲೈ ತಿಂಗಳ ಮಳೆಯಲ್ಲಿ ಬರಬೇಕು. ಬಳಸಿ ಹರಿದ ಕಂಬಳಿಯನ್ನು ನಷ್ಟವೆಂದು ಬರೆಯುವುದನ್ನು ನಿಲ್ಲಿಸಬೇಕು. ವರದಿಯನ್ನು ಆಶ್ರಮದ ಗೋಡೆಗೇ ಅಂಟಿಸಬೇಕು.

ಎಲ್ಲಕ್ಕಿಂತ ಹೆಚ್ಚಾಗಿ, ಅಲ್ಲಿರುವವರ ಹತ್ತಿರ ಸಿಬ್ಬಂದಿ ಇಲ್ಲದ ಕಡೆ ಕೂತು ಮಾತನಾಡಬೇಕು. ಇದನ್ನು ಒತ್ತಿ ಹೇಳುತ್ತಿರುವುದಕ್ಕೆ ಕಾರಣವಿದೆ. ಅಂದು ನಾನು ಆಫೀಸಿನಲ್ಲಿ ದನಿ ಏರಿಸಿದಾಗ ಅತ್ತೆ ಗೋಡೆ ಹಿಡಿದುಕೊಂಡು ಬಾಗಿಲವರೆಗೆ ಬಂದು, “ಸುಮ್ಮನಿರು ಮಗ, ನನಗೆ ಚಳಿಯೇ ಇಲ್ಲ” ಎಂದರು. ಹೊರಗೆ ಬಂದ ಮೇಲೆ ನನ್ನ ಕೈ ಹಿಡಿದು ಮೆಲ್ಲಗೆ ಹೇಳಿದರು: “ನೀನು ಸಂಜೆಯ ಬಸ್ಸಿಗೆ ಹೋಗುತ್ತೀಯ. ನಾನು ಇಲ್ಲೇ ಇರಬೇಕಲ್ಲ.” ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ಮಾವ ತೀರಿಕೊಂಡ ಮೇಲೆ ತೋಟದ ಮನೆ ಬಿಡಬೇಕಾಯಿತು, ಮಕ್ಕಳಿಲ್ಲ, ನನ್ನದು ಮೈಸೂರಿನಲ್ಲಿ ಒಂದೇ ಕೋಣೆಯ ಬಾಡಿಗೆ ಮನೆ. ಅವರಿಗೆ ಆ ಮಂಚ ಬಿಟ್ಟರೆ ಬೇರೆ ಜಾಗವಿಲ್ಲ ಎಂಬುದು ಅವರಿಗೂ ಗೊತ್ತು, ಆಫೀಸಿನಲ್ಲಿ ಕೂತವರಿಗೂ ಗೊತ್ತು.

ಈಗಲೂ ಫೋನ್ ಮಾಡಿದಾಗಲೆಲ್ಲ, ಊಟವಾಯಿತೇ ಎಂದು ಕೇಳುವ ಮೊದಲು ಅವರು ಕೇಳುವುದು, “ಎಲ್ಲಿಗೂ ಏನೂ ಬರೆದಿಲ್ಲ ತಾನೇ?” ಎಂದು. ಬರೆದಿದ್ದೇನೆ ಅತ್ತೆ. ಆಶ್ರಮದ ಹೆಸರನ್ನು ಮಾತ್ರ ಎಲ್ಲೂ ಹಾಕಿಲ್ಲ.