ರ‍್ಯಾಂಪಿನ ಮೇಲಿನ ಹೂಕುಂಡಗಳು

2024ರಲ್ಲಿ ನಮ್ಮ ಕಚೇರಿಯು, ಎಲ್ಲ ಬಗೆಯ ಜನರಿಗೂ ಕೆಲಸದಲ್ಲಿ ಜಾಗವಿರಲಿ ಎಂದು ಸಾರುವ ವೈವಿಧ್ಯ ಸಪ್ತಾಹವನ್ನು ಶ್ರದ್ಧಾಭಕ್ತಿಗಳಿಂದ ಆಚರಿಸಿತು. ಬೆಂಗಳೂರಿನ ಹೊರ ವರ್ತುಲ ರಸ್ತೆಯ ಆ ಗಾಜಿನ ಕಟ್ಟಡದ ಮುಂಬಾಗಿಲಿಗೆ ಗಾಲಿಕುರ್ಚಿಗೆಂದು ಕಟ್ಟಿಸಿದ ರ‍್ಯಾಂಪ್ ಒಂದಿದೆ. ‘ಎಲ್ಲರಿಗೂ ಸ್ವಾಗತ’ ಎಂಬ ಫಲಕ ಫೋಟೋದಲ್ಲಿ ಕಳೆಗಟ್ಟಲೆಂದು ಆ ರ‍್ಯಾಂಪಿನ ಮೇಲೆ ಹನ್ನೆರಡು ಹೂಕುಂಡಗಳನ್ನು ಬಾಡಿಗೆಗೆ ತಂದು ಸಾಲಾಗಿ ಇರಿಸಿದರು. ಹೀಗಾಗಿ ಸಪ್ತಾಹದ ಮುಖ್ಯ ಭಾಷಣಕಾರರೂ ಗಾಲಿಕುರ್ಚಿ ಬಳಸುವವರೂ ಆದ ಲೆಕ್ಕಪತ್ರ ವಿಭಾಗದ ಸಹೋದ್ಯೋಗಿ, ಹಿಂಬದಿಯ ಸರಕು ಲಿಫ್ಟಿನಲ್ಲಿ, ಕ್ಯಾಂಟೀನಿನ ಈರುಳ್ಳಿ ಮೂಟೆಗಳೊಂದಿಗೆ ಸಭಾಂಗಣಕ್ಕೆ ಆಗಮಿಸಿದರು. ಅವರಿಗೆ ಕೊಟ್ಟಿದ್ದ ವಿಷಯ ‘ಅಡೆತಡೆಗಳಿಲ್ಲದ ಕಚೇರಿ’. ಸೊಗಸಾಗಿಯೇ ಮಾತನಾಡಿದರು.

ಭಾಷಣ ಮುಗಿದ ಮೇಲೆ ಅವರಿಗೆಂದೇ ಮೀಸಲಾದ ಶೌಚಾಲಯವನ್ನು ಹುಡುಕಿದಾಗ ಅದಕ್ಕೆ ಬೀಗ ಜಡಿದಿತ್ತು. ಒಳಗೆ ಕಸಪೊರಕೆಗಳು, ಖಾಲಿ ನೀರಿನ ಕ್ಯಾನುಗಳು ಮತ್ತು ಸಪ್ತಾಹದ ರಂಗೋಲಿ ಸ್ಪರ್ಧೆಗೆ ತರಿಸಿದ್ದ ಪುಡಿಯ ಚೀಲಗಳಿದ್ದವು. ‘ಅದನ್ನು ಯಾರೂ ಬಳಸುವುದಿಲ್ಲವಲ್ಲ ಸಾರ್’ ಎಂದರು ಉಸ್ತುವಾರಿ ವಹಿಸಿದ್ದವರು. ಬೀಗ ಹಾಕಿದ ಬಾಗಿಲನ್ನು ಯಾರೂ ಬಳಸುವುದಿಲ್ಲವೆಂಬ ಈ ಸಂಶೋಧನೆಗೆ ನಾವೆಲ್ಲ ತಲೆದೂಗಿದೆವು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿ ಮಾಡಿರುವುದಲ್ಲದೆ, ಖಾಸಗಿ ಸಂಸ್ಥೆಗಳೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕೆಂದು ವಿಧಿಸಿದೆ. ನಮ್ಮವರು ಕಾನೂನು ಮೀರುವವರಲ್ಲ. ನೀತಿಯನ್ನು ಪ್ರಕಟಿಸಿದ್ದಾರೆ, ಅದೇ ಬಾಗಿಲ ಮೇಲೆ, ಬೀಗದಿಂದ ಒಂದು ಗೇಣು ಮೇಲಕ್ಕೆ.

ವೈವಿಧ್ಯವಿದ್ದರೆ ವ್ಯಾಪಾರ ವೃದ್ಧಿಸುತ್ತದೆ ಎಂದು ಬೋಧಿಸಲು ಸಲಹೆಗಾರರೊಬ್ಬರು ಬಂದಿದ್ದರು. ಮಾತಿನಲ್ಲಿ ಹುರುಳಿಲ್ಲದಿಲ್ಲ: ಒಂದೇ ಕಾಲೇಜಿನಲ್ಲಿ ಓದಿ, ಒಂದೇ ಬಡಾವಣೆಯಲ್ಲಿ ಮನೆ ಮಾಡಿಕೊಂಡ ಎಂಟು ಮಂದಿ ಕೂಡಿ ಮಾಡಿದ ತಪ್ಪನ್ನು ಹಿಡಿಯಲು ಒಂಬತ್ತನೆಯವರು ಬೇರೆ ಕಡೆಯಿಂದಲೇ ಬರಬೇಕು. ನಮ್ಮಲ್ಲಿ ಆ ಒಂಬತ್ತನೆಯವರನ್ನು ಹಾರ ಹಾಕಿ ಕರೆತಂದು, ಫೋಟೋ ಹಿಡಿದು, ಬಳಿಕ ತೀರ್ಮಾನದ ಸಭೆಯನ್ನು ರಾತ್ರಿ ಎಂಟೂವರೆಗೆ ಇಟ್ಟುಕೊಳ್ಳುತ್ತಾರೆ; ಮಗುವನ್ನು ಕರೆತರಲು ಆರಕ್ಕೇ ಹೊರಟ ತಾಯಿಗೆ ತೀರ್ಮಾನವು ಮರುದಿನ ಬೆಳಿಗ್ಗೆ ಪ್ರಸಾದದಂತೆ ತಲುಪುತ್ತದೆ. ಐವತ್ತು ಮಂದಿ ಇರುವಲ್ಲಿ ಶಿಶುಪಾಲನಾ ಸೌಲಭ್ಯ ಇರಬೇಕೆಂದು 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಹೇಳಿತ್ತಷ್ಟೆ. ನಮ್ಮಲ್ಲಿ ಇದೆ. ಅಲ್ಲೀಗ ಹಳೆಯ ಪ್ರಿಂಟರುಗಳು ಮಲಗಿವೆ.

ಈ ವಿದ್ಯೆಯನ್ನು ನಮ್ಮ ಕಚೇರಿ ಸ್ವಂತವಾಗಿ ಕಂಡುಕೊಂಡದ್ದೇನಲ್ಲ. ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿಗಳ ಮಂಡಳಿಯಲ್ಲಿ ಒಬ್ಬ ಮಹಿಳೆಯಾದರೂ ಇರಲೇಬೇಕೆಂದು 2013ರ ಕಂಪನಿ ಕಾಯ್ದೆ ಹೇಳಿದಾಗ, 2015ರ ಗಡುವು ಹತ್ತಿರವಾದಂತೆ ಎಷ್ಟೋ ಮಾಲೀಕರಿಗೆ ತಮ್ಮ ಪತ್ನಿ, ಪುತ್ರಿ, ನಾದಿನಿಯರಲ್ಲಿ ಅಡಗಿದ್ದ ಆಡಳಿತ ಪ್ರತಿಭೆ ಏಕಾಏಕಿ ಗೋಚರಿಸಿತು. ಕೊನೆಗೆ ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯು, ದೊಡ್ಡ 500 ಕಂಪನಿಗಳಲ್ಲಿ 2019ರ ಏಪ್ರಿಲಿನಿಂದ, 1000 ಕಂಪನಿಗಳಲ್ಲಿ 2020ರ ಏಪ್ರಿಲಿನಿಂದ, ಆ ಮಹಿಳೆ ಮಾಲೀಕರ ನಂಟಿಲ್ಲದ ಸ್ವತಂತ್ರ ನಿರ್ದೇಶಕಿಯೇ ಆಗಿರಬೇಕೆಂದು ಬಿಡಿಸಿ ಹೇಳಬೇಕಾಯಿತು. ಉತ್ಸವಮೂರ್ತಿಯನ್ನು ಬೀದಿಯಲ್ಲಿ ಮೆರೆಸಿ ಮೂಲವಿಗ್ರಹವನ್ನು ಗರ್ಭಗುಡಿಯಿಂದ ಕದಲಿಸದ ಸಂಪ್ರದಾಯ ನಮಗೆ ಹೊಸತೇ?

ನಿಜವಾದ ವೈವಿಧ್ಯ ನಮ್ಮ ಕಟ್ಟಡದಲ್ಲಿ ಇಲ್ಲವೆಂದಲ್ಲ. ಗೇಟಿನಲ್ಲಿ ಒಡಿಶಾದವರು, ಅಡುಗೆಮನೆಯಲ್ಲಿ ಅಸ್ಸಾಮಿನವರು, ನೆಲ ಒರೆಸಲು ರಾಯಚೂರಿನ ಹೆಂಗಸರು ಇದ್ದಾರೆ. ಗುತ್ತಿಗೆಯವರಾದ ಕಾರಣ ಅವರ್ಯಾರೂ ಅಂಕಿಅಂಶಕ್ಕೆ ಸೇರುವುದಿಲ್ಲ. ಸಮಾರೋಪದ ಫೋಟೋದಲ್ಲಿ ಹೆಂಗಸರು ಕಡಿಮೆ ಕಾಣುತ್ತಾರೆಂದಾಗ ಮಾತ್ರ ಆ ರಾಯಚೂರಿನ ನಾಲ್ವರನ್ನು ಕರೆದು, ಕಂಪನಿಯ ಟೀಶರ್ಟನ್ನು ಸೀರೆಯ ಮೇಲೆಯೇ ತೊಡಿಸಿ, ಮುಂದಿನ ಸಾಲಿನಲ್ಲಿ ನಿಲ್ಲಿಸಿದರು. ಫೋಟೋ ಮುಗಿದೊಡನೆ ಟೀಶರ್ಟುಗಳನ್ನು ಎಣಿಸಿ ವಾಪಸು ಪಡೆದರು.

2025ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷರು ಅಲ್ಲಿನ ಸರ್ಕಾರಿ ಇಲಾಖೆಗಳ ವೈವಿಧ್ಯ ಕಾರ್ಯಕ್ರಮಗಳನ್ನು ನಿಲ್ಲಿಸುವ ಆದೇಶಕ್ಕೆ ಸಹಿ ಹಾಕಿದರು. ಅಲ್ಲಿ ಮೋಡ ಕವಿದರೆ ಇಲ್ಲಿ ಕೊಡೆ ಬಿಚ್ಚುವ ನಮ್ಮ ಆಡಳಿತವು ವೈವಿಧ್ಯ ವಿಭಾಗಕ್ಕೆ ‘ಪ್ರತಿಭೆ ಮತ್ತು ಸಂಸ್ಕೃತಿ’ ಎಂದು ಮರುನಾಮಕರಣ ಮಾಡಿ, ಸಪ್ತಾಹವನ್ನು ರದ್ದುಗೊಳಿಸಿ, ಅದರ ಬಾಬತ್ತಿನ ಖರ್ಚುಗಳನ್ನೆಲ್ಲ ಹೊಡೆದುಹಾಕಿತು. ಬಾಡಿಗೆ ನಿಂತಿತೆಂದು ನರ್ಸರಿಯವನು ಟೆಂಪೋ ತಂದು, ಅಲ್ಲಿಯವರೆಗೂ ರ‍್ಯಾಂಪಿನ ಮೇಲೆಯೇ ಇದ್ದ ಹನ್ನೆರಡು ಕುಂಡಗಳನ್ನು ಹೇರಿಕೊಂಡು ಹೋದನು. ಮರುದಿನ ಬೆಳಿಗ್ಗೆ ಲೆಕ್ಕಪತ್ರ ವಿಭಾಗದ ನಮ್ಮ ಸಹೋದ್ಯೋಗಿ ಮುಂಬಾಗಿಲಿನಿಂದಲೇ ಒಳಗೆ ಬಂದರು.