ಡ್ರಾ ಅಂದರೆ ಜನವರಿ 2

ಚೆಸ್ ಆಡುವವರಷ್ಟು ಶಿಸ್ತಿನ ಜನ ಬೇರೆ ಯಾವ ಆಟದಲ್ಲೂ ಸಿಗುವುದಿಲ್ಲ. ಕಾಯಿ ಮುಟ್ಟಿದರೆ ಅದನ್ನೇ ನಡೆಸಬೇಕು. ಓರೆಯಾಗಿ ನಿಂತ ಕಾಯಿಯನ್ನು ನೆಟ್ಟಗೆ ಮಾಡಬೇಕೆಂದರೂ ಮೊದಲು ಬಾಯಿಬಿಟ್ಟು ಹೇಳಬೇಕು. ಯಾವ ಕೈಯಲ್ಲಿ ಕಾಯಿ ನಡೆಸಿದಿರೋ ಅದೇ ಕೈಯಲ್ಲಿ ಗಡಿಯಾರ ಒತ್ತಬೇಕು. ಒಂದೊಂದು ನಡೆಯನ್ನೂ ಓದಲು ಬರುವಂತೆ ಹಾಳೆಯ ಮೇಲೆ ಬರೆಯಬೇಕು. ಇದೆಲ್ಲ ವಿಶ್ವ ಚೆಸ್ ಸಂಸ್ಥೆಯಾದ ಫಿಡೆಯ ನಿಯಮ. ಆಟ ಮುಗಿದ ಮೇಲೆ ಇಬ್ಬರೂ ಎರಡೂ ಹಾಳೆಗೆ ಸಹಿ ಹಾಕಿ ಏಳಬೇಕು.

ಆಮೇಲೆ ಆ ಫಲಿತಾಂಶವನ್ನು ಯಾರೋ ಒಬ್ಬರು ಕಂಪ್ಯೂಟರಿಗೆ ಹಾಕುತ್ತಾರೆ. ಶಿಸ್ತು ಅಲ್ಲಿಗೆ ಮುಗಿಯಿತು.

ಆ ಒಬ್ಬರು ಯಾರು ಅನ್ನೋದು ಕೊನೆಯವರೆಗೂ ತಿಳಿಯುವುದಿಲ್ಲ. ಆಟದ ತೀರ್ಪುಗಾರರಾದ ಆರ್ಬಿಟರ್ ಇರಲಾರರು, ಅವರಿಗೆ ಮುಂದಿನ ಸುತ್ತಿನ ಜೋಡಿ ಹಾಕುವ ಗಡಿಬಿಡಿ. ಆಯೋಜಕರೂ ಇರಲಾರರು, ಅವರು ಮುಖ್ಯ ಅತಿಥಿ ಎಲ್ಲಿದ್ದಾರೆ ಅಂತ ಫೋನ್ ಮಾಡುತ್ತಿದ್ದಾರೆ. ಹಾಲ್‌ನಲ್ಲಿ ಸುಮ್ನೆ ನಿಂತಿದ್ದವರ ಕೈಗೆ ಕೀಬೋರ್ಡ್ ಸಿಗುತ್ತದೆ. ಆಗ ಹುಟ್ಟುವುದೇ ಟೂರ್ನಿ ಫಲಿತಾಂಶದ ಟೆಕ್ಸ್ಟ್ ಫೈಲ್. ಅದನ್ನು ತೊಳೆದು ಬಳಿದು ಓದುವ ಹಾಗೆ ಮಾಡುವುದಕ್ಕೆ ಜಗತ್ತಿನಲ್ಲಿ ಒಂದಷ್ಟು ಜನ ಇದ್ದಾರೆ. ಅವರಿಗೆ ಸಂಬಳ ಇಲ್ಲ. ಆಟಗಾರರ ಬಲ ಅಳೆಯುವ ಅಂಕಿ ಇದೆಯಲ್ಲ, ಆ ರೇಟಿಂಗೂ ಏರುವುದಿಲ್ಲ.

ಚೆಸ್ ಆಟಕ್ಕೆ ಮೂರೇ ಫಲಿತಾಂಶ. ಬಿಳಿ ಗೆದ್ದಿತು, ಕಪ್ಪು ಗೆದ್ದಿತು, ಡ್ರಾ ಆಯಿತು. ಇಷ್ಟನ್ನು ಎಷ್ಟು ತರಹ ಬರೆಯಬಹುದು ಅಂತೀರಿ? 1-0 ಅಂತ ಒಬ್ಬರು, 1:0 ಅಂತ ಇನ್ನೊಬ್ಬರು. ನಡುವೆ ಚಿಕ್ಕ ಗೆರೆ ಹಾಕುವವರು, ಉದ್ದ ಗೆರೆ ಹಾಕುವವರು, ಗೆರೆಯ ಎರಡೂ ಕಡೆ ಸ್ಪೇಸ್ ಬಿಡುವವರು, ಒಂದೇ ಕಡೆ ಬಿಡುವವರು. ಸೊನ್ನೆಯ ಬದಲು ಇಂಗ್ಲಿಷಿನ ಓ ಅಕ್ಷರ ಒತ್ತುವವರು. ಡ್ರಾ ಆದರಂತೂ ಹಬ್ಬ. ½, 0.5, 0,5, ಸಮ ಚಿಹ್ನೆ, ಎರಡು ಸಮ ಚಿಹ್ನೆ, ಇಲ್ಲವೇ ಅಕ್ಷರದಲ್ಲೇ ಡ್ರಾ. ಒಂದೇ ಫೈಲಿನಲ್ಲಿ ಇವೆಲ್ಲವೂ ಇದ್ದರೆ, ಟೂರ್ನಿ ಒಂಬತ್ತು ಸುತ್ತಿನದು, ಸುತ್ತಿಗೊಬ್ಬರು ಟೈಪ್ ಮಾಡಿದ್ದಾರೆ ಅಂತ ಅರ್ಥ ಮಾಡಿಕೊಳ್ಳಬೇಕು.

ನಿಯಮ ಇಲ್ಲದೆ ಹೀಗಾಗಿದೆ ಅಂದುಕೊಳ್ಳಬೇಡಿ. ಚೆಸ್ ಆಟಗಳನ್ನು ಫೈಲಿನಲ್ಲಿ ಬರೆಯುವುದಕ್ಕೆ ಸ್ಟೀವನ್ ಎಡ್ವರ್ಡ್ಸ್ ರೂಪಿಸಿದ ಪಿಜಿಎನ್ ಅನ್ನೋ ಪದ್ಧತಿ 1994ರಿಂದ ಚಾಲ್ತಿಯಲ್ಲಿದೆ. ಪ್ರತಿ ಆಟದ ತಲೆಯ ಮೇಲೆ ಏಳು ವಿವರ ಇರಬೇಕು: ಟೂರ್ನಿ, ಸ್ಥಳ, ದಿನಾಂಕ, ಸುತ್ತು, ಬಿಳಿ, ಕಪ್ಪು, ಫಲಿತಾಂಶ. ಫಲಿತಾಂಶದ ಜಾಗದಲ್ಲಿ ಬರೆಯಬಹುದಾದ್ದು ನಾಲ್ಕೇ: 1-0, 0-1, 1/2-1/2, ಮತ್ತೆ ಆಟ ಮುಗಿದಿಲ್ಲ ಅಥವಾ ಏನಾಯಿತೋ ತಿಳಿಯದು ಅನ್ನುವುದಕ್ಕೆ ಒಂದು ನಕ್ಷತ್ರ. ದಿನಾಂಕ ಗೊತ್ತಿಲ್ಲದಿದ್ದರೆ ????.??.?? ಅಂತ ಹಾಕಬೇಕು. ಗೊತ್ತಿಲ್ಲ ಅನ್ನುವುದನ್ನೂ ಹೀಗೇ ಹೇಳಬೇಕು ಅಂತ ಬರೆದಿಟ್ಟ ಮನುಷ್ಯ ಅವರು. ಇದಕ್ಕಿಂತ ಜಾಸ್ತಿ ಏನು ಮಾಡಲಿಕ್ಕಾಗುತ್ತದೆ?

ಆದರೆ ಅವರು ಒಂದು ಔದಾರ್ಯ ತೋರಿಸಿದರು. ಪ್ರೋಗ್ರಾಂ ಬರೆಯುವ ಫೈಲ್ ಕಟ್ಟುನಿಟ್ಟಾಗಿರಬೇಕು, ಮನುಷ್ಯ ಕೈಯಾರೆ ಬರೆದ ಫೈಲ್ ಸ್ವಲ್ಪ ಸಡಿಲ ಇದ್ದರೂ ಪ್ರೋಗ್ರಾಂ ಓದಿಕೊಳ್ಳಬೇಕು ಅಂದರು. ಜನ ಅಷ್ಟೇ ಓದಿ ಪುಸ್ತಕ ಮುಚ್ಚಿದರು.

ಪಿಜಿಎನ್‌ನಲ್ಲಿ ಫಲಿತಾಂಶ ಎರಡು ಕಡೆ ಇರುತ್ತದೆ. ಮೇಲೆ ವಿವರದಲ್ಲಿ ಒಂದು ಸಲ, ಕೆಳಗೆ ನಡೆಗಳ ಕೊನೆಯಲ್ಲಿ ಇನ್ನೊಂದು ಸಲ. ಎರಡೂ ಒಂದೇ ಇರಬೇಕು ಅನ್ನೋದು ಆಶಯ. ಮೇಲೆ ಬಿಳಿ ಗೆದ್ದಿದೆ, ಕೆಳಗೆ ಕಪ್ಪು ಗೆದ್ದಿದೆ ಅನ್ನೋ ಆಟಗಳು ಬೇಕಾದಷ್ಟು ಸಿಗುತ್ತವೆ. ಆಡಿದ ಇಬ್ಬರೂ ಖುಷಿಯಾಗಿ ಮನೆಗೆ ಹೋಗಿರುತ್ತಾರೆ ಬಿಡಿ. ಫೈಲ್ ತೊಳೆಯುವವರು ಮಾತ್ರ ನಡೆಗಳನ್ನು ಒಂದೊಂದಾಗಿ ಬೋರ್ಡಿನ ಮೇಲೆ ಇಟ್ಟು, ಕೊನೆಯಲ್ಲಿ ಯಾರ ಹತ್ತಿರ ಮಂತ್ರಿ ಉಳಿದಿದೆ ಅಂತ ನೋಡಿ ತೀರ್ಪು ಕೊಡಬೇಕು.

ಈಗ ಡ್ರಾ ವಿಷಯಕ್ಕೆ ಬರೋಣ. ಅರ್ಧ ಪಾಯಿಂಟನ್ನು 1/2 ಅಂತ ಎಕ್ಸೆಲ್‌ನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿದರೆ ಅದು ದಿನಾಂಕವಾಗುತ್ತದೆ. ಕಂಪ್ಯೂಟರಿನ ಸೆಟ್ಟಿಂಗ್ ಯಾವ ದೇಶದ್ದು ಅನ್ನೋದರ ಮೇಲೆ ಜನವರಿ 2 ಅಥವಾ ಫೆಬ್ರವರಿ 1. ಒಳಗೆ ಎಕ್ಸೆಲ್ ದಿನಾಂಕವನ್ನು ಇಟ್ಟುಕೊಳ್ಳುವುದು ಸಂಖ್ಯೆಯಾಗಿ. 2024ರ ಜನವರಿ 2 ಅಂದರೆ ಅದರ ಲೆಕ್ಕದಲ್ಲಿ 45293. ಆ ಕಾಲಂ ಅನ್ನು ಕೂಡಿಸಿದರೆ, ಎಂಟು ಆಟ ಸೋತು ಒಂದು ಡ್ರಾ ಮಾಡಿಕೊಂಡವರು 45293 ಪಾಯಿಂಟಿನೊಂದಿಗೆ ಚಾಂಪಿಯನ್. ಎಲ್ಲ ಆಟ ಗೆದ್ದವರು ಬರೀ ಒಂಬತ್ತಕ್ಕೆ ನಿಂತಿರುತ್ತಾರೆ. ಡ್ರಾ ಮಾಡಿಕೊಳ್ಳುವವರನ್ನು ಹೇಡಿಗಳು ಅಂತ ಬೈಯುವ ಚೆಸ್ ಲೋಕದಲ್ಲಿ ಅವರ ಬೆನ್ನಿಗೆ ನಿಂತಿರುವುದು ಎಕ್ಸೆಲ್ ಒಂದೇ.

ಈ ಕಷ್ಟ ಚೆಸ್‌ನವರದ್ದು ಮಾತ್ರ ಅಲ್ಲ. ಮಾರ್ಚ್, ಸೆಪ್ಟೆಂಬರ್ ತಿಂಗಳ ಹಾಗೆ ಕಾಣುವ ಹೆಸರಿನ ಮನುಷ್ಯನ ಜೀನ್‌ಗಳಿದ್ದವು. ಎಕ್ಸೆಲ್ ಅವನ್ನೂ ತಾರೀಖು ಮಾಡುತ್ತಿತ್ತು. 2020ರಲ್ಲಿ ವಿಜ್ಞಾನಿಗಳು ಸೋತು ಜೀನ್‌ಗಳ ಹೆಸರನ್ನೇ ಬದಲಾಯಿಸಿದರು. 2023ರಲ್ಲಿ ಮೈಕ್ರೋಸಾಫ್ಟ್ ಈ ತಾನೇ ಬದಲಾಯಿಸುವ ಚಾಳಿಯನ್ನು ನಿಲ್ಲಿಸಲು ಒಂದು ಸ್ವಿಚ್ ಕೊಟ್ಟಿತು. ಸ್ವಿಚ್ ಇದೆ ಅನ್ನೋದು ಟೂರ್ನಿ ಹಾಲ್‌ವರೆಗೆ ಇನ್ನೂ ತಲುಪಿಲ್ಲ.

ಎಕ್ಸೆಲ್ ಸಹವಾಸ ಬೇಡ, ½ ಅನ್ನೋ ಒಂದೇ ಚಿಹ್ನೆ ಹಾಕೋಣ ಅಂತ ಜಾಣರು ಹೊರಡುತ್ತಾರೆ. ಹಳೇ ಡಾಸ್ ಕಾಲದಲ್ಲಿ ಆ ಚಿಹ್ನೆಗೆ ಕೊಟ್ಟ ಸಂಖ್ಯೆ ಒಂದು, ವಿಂಡೋಸ್ ಬಂದ ಮೇಲೆ ಕೊಟ್ಟಿದ್ದು ಇನ್ನೊಂದು. ಹಾಗಾಗಿ ಡಾಸ್‌ನಲ್ಲಿ ಬರೆದ ಅರ್ಧ, ವಿಂಡೋಸ್‌ನಲ್ಲಿ ತೆರೆದಾಗ « ಆಗಿ ಕಾಣುತ್ತದೆ. ಈಗಿನ ಯುನಿಕೋಡ್ ಫೈಲನ್ನು ಹಳೇ ಪ್ರೋಗ್ರಾಂನಲ್ಲಿ ತೆರೆದರೆ ಅರ್ಧದ ಹಿಂದೆ ಟೋಪಿ ಹಾಕಿಕೊಂಡ ಎ ಅಕ್ಷರ ಬಂದು ನಿಲ್ಲುತ್ತದೆ. ಅದನ್ನು ಹಾಗೇ ಸೇವ್ ಮಾಡಿ ಇನ್ನೊಬ್ಬರಿಗೆ ಕಳಿಸಿದರೆ ಅಲ್ಲಿ ಇನ್ನೂ ಎರಡು ಚಿಹ್ನೆ ಸೇರಿಕೊಳ್ಳುತ್ತವೆ. ನಾಲ್ಕು ಕೈ ದಾಟಿದ ಡ್ರಾ ಒಂದು ಇಡೀ ಸಾಲು ತಿನ್ನುತ್ತದೆ.

ಸಾಲು ಅಂದಾಗ ನೆನಪಾಯಿತು. ರೇಟಿಂಗ್‌ಗಾಗಿ ಫಿಡೆಗೆ ಕಳಿಸುವ ಟೂರ್ನಿ ವರದಿಯ ಫೈಲಿಗೆ ಟಿಆರ್‌ಎಫ್ ಅಂತ ಒಂದು ನಮೂನೆ ಇದೆ. ಅದರಲ್ಲಿ ಎಲ್ಲವೂ ಜಾಗದ ಲೆಕ್ಕ. ಆಟಗಾರರ ಹೆಸರು 15ನೇ ಜಾಗದಿಂದ 47ರವರೆಗೆ, ರೇಟಿಂಗ್ 49ರಿಂದ 52ರವರೆಗೆ. ಹೆಸರಿನ ನಡುವೆ ಯಾರಾದರೂ ಕೈತಪ್ಪಿ ಒಂದು ಸ್ಪೇಸ್ ಜಾಸ್ತಿ ಒತ್ತಿದರೆ ಮುಂದಿನದೆಲ್ಲ ಒಂದು ಜಾಗ ಬಲಕ್ಕೆ ಸರಿಯುತ್ತದೆ. 2450 ರೇಟಿಂಗಿನವರು 245 ಆಗುತ್ತಾರೆ. ಉಳಿದ ಸೊನ್ನೆ ರೇಟಿಂಗಿಗೂ ದೇಶಕ್ಕೂ ನಡುವೆ ನೇತಾಡುತ್ತಿರುತ್ತದೆ. ಇಪ್ಪತ್ತು ವರ್ಷ ಕಷ್ಟಪಟ್ಟು ಗಳಿಸಿದ್ದನ್ನು ಸ್ಪೇಸ್ ಬಾರ್ ಮೇಲೆ ಬಿದ್ದ ಒಂದು ಹೆಬ್ಬೆರಳು ತೆಗೆದುಬಿಡುತ್ತದೆ. ಆ ಹೆಬ್ಬೆರಳಿಗೆ ಕಾಯಿ ಮುಟ್ಟಿದ ನಿಯಮ ಅನ್ವಯಿಸುವುದಿಲ್ಲ, ನೋಡಿ.

ಹೆಸರುಗಳ ಕಥೆ ಹೇಳಹೊರಟರೆ ಬೆಳಗಾಗುತ್ತದೆ. ವಿಕ್ಟರ್ ಕೊರ್ಚ್ನಾಯ್ ರಷ್ಯನ್ ಲಿಪಿಯಲ್ಲಿ ಒಬ್ಬರೇ. ಇಂಗ್ಲಿಷಿನವರು ಒಂದು ಕಾಗುಣಿತ, ಜರ್ಮನ್ನರು ಒಂದು, ಫ್ರೆಂಚರು ಒಂದು ಹಾಕಿಕೊಂಡು ಅವರನ್ನು ಹಂಚಿಕೊಂಡರು. ಕಾರ್ಪೋವ್ 1978ರಲ್ಲಿ ಒಬ್ಬ ಕೊರ್ಚ್ನಾಯ್ ವಿರುದ್ಧ, 1981ರಲ್ಲಿ ಬೇರೊಬ್ಬ ಕೊರ್ಚ್ನಾಯ್ ವಿರುದ್ಧ ವಿಶ್ವ ಪಟ್ಟ ಉಳಿಸಿಕೊಂಡರು ಅಂತ ಒಂದು ಡೇಟಾಬೇಸ್ ನಂಬಿದರೆ ಅದರ ತಪ್ಪಲ್ಲ. ಅಡ್ಡಹೆಸರು (ಸರ್‌ನೇಮ್), ಅಲ್ಪವಿರಾಮ, ಸ್ವಂತ ಹೆಸರು ಅನ್ನೋದು ಪಿಜಿಎನ್ ಕ್ರಮ. ಅಡ್ಡಹೆಸರೇ ಇಲ್ಲದವರು ಏನು ಮಾಡಬೇಕು? ಆನಂದ್ ಅವರ ಸ್ವಂತ ಹೆಸರನ್ನು ಅಡ್ಡಹೆಸರು ಮಾಡಿ, ಅವರ ತಂದೆಯ ಹೆಸರು ಹಿಡಿದು ಅವರನ್ನು ಕರೆಯಿತು ಅರ್ಧ ಜಗತ್ತು. 2024ರಲ್ಲಿ ಸಿಂಗಪುರದಲ್ಲಿ ವಿಶ್ವ ಚಾಂಪಿಯನ್ ಆದ ಗುಕೇಶ್ ಫಿಡೆ ಪಟ್ಟಿಯಲ್ಲಿ ಗುಕೇಶ್ ಡಿ. ಅಲ್ಪವಿರಾಮ ಹುಡುಕುತ್ತಾ ಬಂದ ಪ್ರೋಗ್ರಾಂ ಅಲ್ಲೇ ನಿಂತು ತಲೆ ಕೆರೆದುಕೊಳ್ಳುತ್ತದೆ.

ಇದಕ್ಕೆ ಪರಿಹಾರ ಯಾವತ್ತೋ ಸಿಕ್ಕಿದೆ. ಪಟ್ಟಿಯಲ್ಲಿರುವ ಪ್ರತಿ ಆಟಗಾರರಿಗೂ ಫಿಡೆ ಒಂದು ಸಂಖ್ಯೆ ಕೊಟ್ಟಿದೆ. ಅದನ್ನು ಬರೆದರೆ ಹೆಸರನ್ನು ಹೇಗೆ ಬರೆದರೂ ನಡೆಯುತ್ತದೆ. ಹಾಗಾಗಿಯೇ ಇರಬೇಕು, ಫೈಲಿನಲ್ಲಿ ಖಾಲಿ ಬಿಡುವ ಕಾಲಂ ಅದೊಂದೇ.

ಈ ಫೈಲ್‌ಗಳಲ್ಲಿ ಇಬ್ಬರು ಆಟಗಾರರು ಮಾತ್ರ ನನಗೆ ನಿಜವಾಗಿ ಅಯ್ಯೋ ಅನಿಸುತ್ತಾರೆ. ಒಬ್ಬರು ಎನ್‌ಎನ್. ಎದುರಾಳಿಯ ಹೆಸರು ಗೊತ್ತಿಲ್ಲದಿದ್ದಾಗ ಹಾಕುವ ಎರಡಕ್ಷರ ಅದು. ಒಂದೇ ಹೆಸರಿನವರನ್ನೆಲ್ಲ ಸೇರಿಸು ಅಂತ ಪ್ರೋಗ್ರಾಂಗೆ ಹೇಳಿದರೆ ಎನ್‌ಎನ್ ಒಬ್ಬರೇ ಆಗುತ್ತಾರೆ. 1620ರ ಸುಮಾರಿಗೆ ಇಟಲಿಯ ಆಟಗಾರ ಗ್ರೆಕೋ ಕೈಲಿ ಸೋತವರು, ಇನ್ನೂರು ಚಿಲ್ಲರೆ ವರ್ಷ ಬಿಟ್ಟು ಬಂದು ಅಮೆರಿಕದ ಮಾರ್ಫಿ ಕೈಲೂ ಸೋಲುತ್ತಾರೆ. ಇವತ್ತಿಗೂ ಆಡುತ್ತಿದ್ದಾರೆ. ನಾನೂರು ವರ್ಷ ಬಿಡದೆ ಸೋತರೂ ಆಟ ಬಿಡದವರನ್ನು ಇನ್ನೆಲ್ಲಿ ನೋಡಲಿ?

ಇನ್ನೊಬ್ಬರು ಬೈ. ಆಟಗಾರರ ಸಂಖ್ಯೆ ಬೆಸ ಬಂದಾಗ ಒಬ್ಬರಿಗೆ ಎದುರಾಳಿ ಇರುವುದಿಲ್ಲ, ಸುಮ್ಮನೆ ಪಾಯಿಂಟ್ ಕೊಡುತ್ತಾರೆ. ಟೈಪ್ ಮಾಡುವವರು ಎದುರಾಳಿಯ ಜಾಗದಲ್ಲಿ ಬೈ ಅಂತ ಬರೆಯುತ್ತಾರೆ. ಅಲ್ಲಿಗೆ ಬೈ ಅನ್ನೋ ಹೆಸರಿನ ಆಟಗಾರರೊಬ್ಬರು ಟೂರ್ನಿ ಸೇರಿದರು. ಎಲ್ಲ ಸುತ್ತಿನಲ್ಲೂ ಆಡಿ, ಎಲ್ಲವನ್ನೂ ಸೋತು, ಕೊನೆಯ ಸ್ಥಾನ ಪಡೆದು ಹೋಗುತ್ತಾರೆ. ಪಾಪ, ಭಾಗವಹಿಸಿದ್ದಕ್ಕೆ ಪ್ರಮಾಣಪತ್ರ ಕೂಡ ಯಾರೂ ಕೊಡುವುದಿಲ್ಲ.

ಮನುಷ್ಯರನ್ನು ನಂಬಬಾರದು, ಯಂತ್ರಕ್ಕೇ ಬಿಡೋಣ ಅಂತ ಕಾಯಿ ಎಲ್ಲಿದೆ ಅಂತ ತಾನೇ ಗ್ರಹಿಸುವ ಸೆನ್ಸರ್ ಇರುವ ಚೆಸ್ ಬೋರ್ಡ್ ಬಂತು. ಕಾಯಿ ಇಟ್ಟ ಹಾಗೆ ನಡೆ ತಾನೇ ದಾಖಲಾಗುತ್ತದೆ. ಆಟ ಮುಗಿದಾಗ ಎರಡೂ ರಾಜರನ್ನು ಬೋರ್ಡಿನ ಮಧ್ಯೆ ಇಡಬೇಕು. ಎಲ್ಲಿ ಇಟ್ಟರು ಅನ್ನೋದರ ಮೇಲೆ ಯಾರು ಗೆದ್ದರು ಅಂತ ಬೋರ್ಡಿಗೆ ತಿಳಿಯುತ್ತದೆ. ರಾಜ ಮೊದಲೇ ಮಧ್ಯದ ಪಕ್ಕದ ಮನೆಯಲ್ಲಿ ನಿಂತಿದ್ದರೆ? ಅಲ್ಲಿಂದ ಒಂದು ಹೆಜ್ಜೆ ಇಟ್ಟಿದ್ದೂ ನ್ಯಾಯವಾದ ನಡೆಯೇ. ಬೋರ್ಡ್ ಅದನ್ನೂ ಬರೆದುಕೊಳ್ಳುತ್ತದೆ. ಹೀಗಾಗಿ ಗ್ರ್ಯಾಂಡ್‌ಮಾಸ್ಟರ್ ಒಬ್ಬರು ಐದು ಗಂಟೆ ಎಚ್ಚರಿಕೆಯಿಂದ ಆಡಿ, ಕೊನೆಯ ನಡೆಯಲ್ಲಿ ರಾಜನನ್ನು ಬೇಕಂತಲೇ ನಡುಬೀದಿಗೆ ತಂದು ನಿಲ್ಲಿಸಿ ಸೋಲೊಪ್ಪಿಕೊಂಡ ದಾಖಲೆ ಸಿಗುತ್ತದೆ. ಅದರ ಕೆಳಗೆ ವಿಶ್ಲೇಷಣೆ ಬರೆಯುವವರೂ ಹುಟ್ಟಿಕೊಳ್ಳುತ್ತಾರೆ.

ಇನ್ನು ದೊಡ್ಡವರು ಸೇರಿ ಮಾಡುವ ಉಪಕಾರ ಬೇರೆ. 2023ರ ಕೊನೆಗೆ ಸಮರ್ಕಂದ್‌ನಲ್ಲಿ ವಿಶ್ವ ಬ್ಲಿಟ್ಜ್, ಅಂದರೆ ಅತಿ ವೇಗದ ಚೆಸ್‌ನ ಚಾಂಪಿಯನ್‌ಷಿಪ್ ನಡೆಯಿತು. ಅಲ್ಲಿ ರಷ್ಯದ ಗ್ರ್ಯಾಂಡ್‌ಮಾಸ್ಟರ್‌ಗಳಾದ ಡುಬೊವ್ ಮತ್ತು ನೆಪೋಮ್ನಿಯಾಚಿ ಬರೀ ಕುದುರೆಗಳನ್ನು ಸುತ್ತಾಡಿಸಿ ಡ್ರಾ ಮಾಡಿಕೊಂಡರು. ಮೊದಲೇ ಮಾತಾಡಿಕೊಂಡಿದ್ದಾರೆ ಅಂತ ಆರ್ಬಿಟರ್ ಇಬ್ಬರಿಗೂ ಸೊನ್ನೆ ಕೊಟ್ಟರು. ನ್ಯಾಯ ಸಿಕ್ಕಿತು, ಫೈಲ್ ಕೆಟ್ಟಿತು. ಪಿಜಿಎನ್‌ನ ನಾಲ್ಕು ಫಲಿತಾಂಶದಲ್ಲಿ 0-0 ಇಲ್ಲವೇ ಇಲ್ಲ. ಒಂದು ಸುತ್ತಿನ ಪಾಯಿಂಟ್‌ಗಳನ್ನು ಕೂಡಿಸಿದರೆ ಎಷ್ಟು ಬೋರ್ಡ್ ಇದ್ದವೋ ಅಷ್ಟು ಬರಬೇಕು. ಫೈಲ್ ತೊಳೆಯುವವರಿಗೆ ಇರುವ ಒಂದೇ ನೆಮ್ಮದಿಯ ಲೆಕ್ಕ ಅದು. ಅದೂ ಹೋಯಿತು.

ಮೇಲಾಗಿ 0-0 ಅಂದರೆ ಫಿಡೆ ಬರವಣಿಗೆಯಲ್ಲಿ ಕ್ಯಾಸ್ಲಿಂಗ್, ರಾಜನನ್ನೂ ಮೂಲೆಯ ಕಾಯಿಯನ್ನೂ ಒಟ್ಟಿಗೆ ಸರಿಸುವ ನಡೆ. ಪಿಜಿಎನ್ ಮಾತ್ರ ಕ್ಯಾಸ್ಲಿಂಗ್‌ಗೆ ಸೊನ್ನೆ ಹಾಕಬೇಡಿ, ಓ ಅಕ್ಷರ ಹಾಕಿ, ಇಲ್ಲದಿದ್ದರೆ ಫಲಿತಾಂಶ ಅಂದುಕೊಂಡು ಪ್ರೋಗ್ರಾಂ ಗೊಂದಲ ಮಾಡಿಕೊಳ್ಳುತ್ತದೆ ಅಂತ ಆಗಲೇ ಎಚ್ಚರಿಸಿತ್ತು. ಜನ ಕೇಳಿದರು. ಕ್ಯಾಸ್ಲಿಂಗ್‌ಗೆ ಸೊನ್ನೆ ಹಾಕಿದರು, ಫಲಿತಾಂಶಕ್ಕೆ ಓ ಹಾಕಿದರು.

ಇಷ್ಟೆಲ್ಲ ಸರಿಮಾಡಲು ಸಾಧನಗಳಿಲ್ಲ ಅಂತಲ್ಲ. ಡೇವಿಡ್ ಬಾರ್ನ್ಸ್ ಅವರ ಪಿಜಿಎನ್ ಎಕ್ಸ್‌ಟ್ರಾಕ್ಟ್ ಇದೆ, ಸ್ಕಿಡ್ ಡೇಟಾಬೇಸ್ ಜೊತೆ ಹೆಸರು ತಿದ್ದುವ ದೊಡ್ಡ ಪಟ್ಟಿಯೇ ಇದೆ. ತೊಂದರೆ ಬೇರೆ ಕಡೆ. ತೊಳೆದ ಫೈಲ್ ಒಂದು ಬಂದರೆ ಹಳೆಯದು ಸಾಯುವುದಿಲ್ಲ. ಎರಡೂ ಓಡಾಡುತ್ತವೆ. ಎರಡನ್ನೂ ಯಾರೋ ಪುಣ್ಯಾತ್ಮರು ಸೇರಿಸಿ ಹೊಸ ಸಂಗ್ರಹ ಮಾಡುತ್ತಾರೆ. ಪ್ರತಿ ಆಟವೂ ಎರಡೆರಡು ಸಲ, ಒಂದರಲ್ಲಿ ಡ್ರಾ, ಇನ್ನೊಂದರಲ್ಲಿ ಜನವರಿ. ಆ ಸಂಗ್ರಹಕ್ಕೆ ಹೆಸರು: ಪೂರ್ತಿ ಸ್ವಚ್ಛ, ಅಂತಿಮ, ಹೊಸದು, 2.

ಫೈಲ್ ತೊಳೆಯುವ ಗೆಳೆಯರೊಬ್ಬರು ಕೊನೆಗೆ ಒಬ್ಬ ಆಯೋಜಕರಿಗೆ ಬಹಳ ವಿನಯದಿಂದ ಬರೆದರು. ಸಾರ್, ದಯವಿಟ್ಟು ಮುಂದಿನ ವರ್ಷ ಫಲಿತಾಂಶವನ್ನು ಒಂದೇ ರೀತಿಯಲ್ಲಿ ಬರೆಸಿ, ಟ್ಯಾಬ್ ಮತ್ತು ಸ್ಪೇಸ್ ಬೆರೆಸಬೇಡಿ, ಬೈ ಅವರನ್ನು ಆಟಗಾರರ ಪಟ್ಟಿಗೆ ಸೇರಿಸಬೇಡಿ. ಆಯೋಜಕರು ತಕ್ಷಣ ಉತ್ತರ ಕೊಟ್ಟರು, ನಿಮ್ಮ ಸಲಹೆ ತುಂಬಾ ಚೆನ್ನಾಗಿದೆ, ಖಂಡಿತ ಪಾಲಿಸುತ್ತೇವೆ ಅಂತ. ಮಾತು ಉಳಿಸಿಕೊಂಡರು ಕೂಡ. ಮುಂದಿನ ವರ್ಷದ ಫಲಿತಾಂಶದಲ್ಲಿ ಟ್ಯಾಬ್ ಇಲ್ಲ, ಸ್ಪೇಸ್ ಇಲ್ಲ, ಟೋಪಿಯ ಎ ಇಲ್ಲ. ಗೋಡೆಗೆ ಅಂಟಿಸಿದ್ದ ಹಾಳೆಯ ಫೋಟೋ ಬಂದಿದೆ. ಸ್ವಲ್ಪ ಓರೆಯಾಗಿದೆ, ಆರನೇ ಸುತ್ತಿನ ಮೇಲೆ ಫ್ಲ್ಯಾಶ್ ಹೊಡೆದು ಬೆಳ್ಳಗಾಗಿದೆ, ಬೈ ಅವರು ಮೂರು ಆಟ ಗೆದ್ದಿದ್ದಾರೆ.